ಹೋಗುವಾಗ ಯಾವ ಬಟ್ಟೆ ಹಾಕಿದ್ದಳು

ಆ ಮನುಷ್ಯ ಇನ್ನೂ ಹಲ್ಲು ಕೆದಕುತ್ತಿದ್ದಾನೆ — ಕಾರಿನ ಗಾಜು ಇಳಿಸಿಕೊಂಡು, ಬೆಂಕಿಕಡ್ಡಿಯನ್ನು ಸೀಳಿ ಚೂಪು ಮಾಡಿಕೊಂಡು, ಒಂದೊಂದೇ ಸಂದಿಗೆ ತುರುಕಿ, ಹೊರಗೆಳೆದು, ತುದಿಗೆ ಅಂಟಿದ್ದನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ, ಥೂ, ಇವನ ಜನ್ಮಕ್ಕಿಷ್ಟು ಬೆಂಕಿ ಹಾಕ, ಎಂದುಕೊಂಡಳು ದೊಡ್ಡಮ್ಮ, ಎಂದುಕೊಂಡರೂ ಕಣ್ಣು ಕೀಳಲಿಲ್ಲ, ಕೀಳುವ ಹಾಗೂ ಇರಲಿಲ್ಲ, ಅವಳಿಗೆ ಸಂಬಳ ಕೊಡುವುದೇ ಕಣ್ಣಿಟ್ಟು ಕೂರುವುದಕ್ಕೆ, ಬಾಗಿಲ ಪಕ್ಕದ ಮೇಜು, ಮೇಜಿನ ಮುಂದೆ ದಪ್ಪ ಗಾಜು, ಗಾಜಿನಾಚೆ ರಸ್ತೆ, ರಸ್ತೆಯಾಚೆ ಔಷಧಿ ಅಂಗಡಿ, ಅಂಗಡಿ ಮುಂದಿನ ಮರದ ನೆರಳಲ್ಲಿ ಬೂದು ಬಣ್ಣದ ಕಾರು, ಕಾರಲ್ಲಿ ಇವನು. ಮಾಮ. ಇಲ್ಲಿನ ಮಕ್ಕಳೆಲ್ಲ ಅವನನ್ನು ಹಾಗೇ ಕರೆಯುತ್ತವೆ, ಮಾಮ ಬಂದಿದಾನೆ, ಮಾಮ ಕಾಯ್ತಿದಾನೆ, ಯಾವ ತಾಯಿಯ ಜೊತೆ ಹುಟ್ಟಿದವನೋ ಇವನು, ಎಂಥಾ ಒಳ್ಳೆಯ ಪದ, ಎತ್ತಿ ಆಡಿಸುವವನ ಪದ, ತಿಂಡಿ ತಂದುಕೊಡುವವನ ಪದ, ಅದನ್ನು ಕದ್ದು ಮೈಮೇಲೆ ಹೊದ್ದುಕೊಂಡು ಕೂತಿದ್ದಾನೆ, ಈಗ ಕಡ್ಡಿಯನ್ನು ಕಿವಿಗೆ ಹಾಕಿದ, ಅದೇ ಕಡ್ಡಿ, ದೇವರೇ, ಅದೇ ಕಡ್ಡಿಯನ್ನು ಕಿವಿಗೆ ಹಾಕಿದ.

ಹೇಸಿಗೆ. ಅವನನ್ನು ನೋಡಿ ಮಾತ್ರವೇನೂ ಅಲ್ಲ, ಈ ಕಟ್ಟಡವೇ ಹೇಸಿಗೆ, ನೆಲಹಾಸಿಗೆ ಒದ್ದೆ ಕಾಲುಚೀಲದ ವಾಸನೆ, ಅದರ ಮೇಲೆ ಯಾವುದೋ ಹೂವಿನ ಹೆಸರಿನ ಫಿನಾಯಿಲು, ಒಂದು ಕಾಲಕ್ಕೆ ಹೋಟೆಲ್ಲಾಗಿತ್ತಂತೆ, ಈಗಲೂ ಬಾಗಿಲಿನ ಒಳಬದಿಗೆ ಬಂಗಾರದ ಬಣ್ಣದಲ್ಲಿ ಮತ್ತೆ ಬನ್ನಿ ಎಂದು ಬರೆದಿದೆ, ಅದನ್ನಾದರೂ ಕೆರೆದು ತೆಗೆಸಿ ಸಾರ್ ಎಂದು ಎಷ್ಟು ಸಲ ಹೇಳಿದ್ದಾಳೋ, ಮ್ಯಾನೇಜರ್ ಹಲ್ಲು ಕಿರಿಯುತ್ತಾನೆ, ಇರಲಿ ಬಿಡಿ ಅಮ್ಮಾ, ಪಾಸಿಟಿವ್ ಆಗಿದೆ. ಗಡಿ ದಾಟಿ ಒಂಟಿಯಾಗಿ ಬಂದ ಮಕ್ಕಳು — ಲಾರಿಯ ಟಾರ್ಪಾಲಿನ ಕೆಳಗೆ ಸಿಕ್ಕವು, ದೋಣಿಯಿಂದ ಎತ್ತಿಕೊಂಡವು, ಯಾವುದೋ ಅಂಗಡಿಯ ಹಿಂದಿನ ಕೋಣೆಯ ಬೀಗ ಒಡೆದು ಬಿಡಿಸಿದವು — ಎಲ್ಲವನ್ನೂ ವಲಸೆ ಇಲಾಖೆಯವರು ವ್ಯಾನಿನಲ್ಲಿ ತಂದು ಇಲ್ಲಿ ಇಳಿಸಿ ಹೋಗುತ್ತಾರೆ, ಕೇಸು ತೀರ್ಮಾನವಾಗುವವರೆಗೆ ಇಲ್ಲೇ ಇರಿ ಎನ್ನುತ್ತಾರೆ, ಕೇಸು ಯಾವಾಗ ತೀರ್ಮಾನವಾಗುತ್ತದೆ ಎಂದು ಕೇಳಿದರೆ ಆಕಾಶ ನೋಡುತ್ತಾರೆ. ಇಲ್ಲಿ ಇಳಿಸಿದ್ದು ಇವನಿಗೆ ಹೇಗೆ ಗೊತ್ತಾಗುತ್ತದೆ? ಗೊತ್ತಾಗುತ್ತದೆ, ವ್ಯಾನು ಬಂದ ಎರಡು ದಿನಕ್ಕೆ ಕಾರು ಬರುತ್ತದೆ. ಸಕ್ಕರೆ ಚೆಲ್ಲಿದ್ದು ಇರುವೆಗೆ ಯಾರು ಹೇಳಿದರು.

ಕೆಲಸಕ್ಕೆ ಸೇರಿದಾಗ ತರಬೇತಿ ಎಂದು ಒಂದು ದಿನ ಕೂರಿಸಿದ್ದರು, ಎತ್ತರದ ಚಪ್ಪಲಿಯ ಮೇಡಂ ಒಬ್ಬಳು ಗೋಡೆಯ ಮೇಲೆ ಚಿತ್ರ ಬಿಡುತ್ತಾ ಹೇಳಿದಳು, ಇದು ಜೈಲಲ್ಲ, ನೆನಪಿಟ್ಕೊಳ್ಳಿ, ಮಕ್ಕಳು ಸ್ವತಂತ್ರರು, ಹಗಲು ಹೊತ್ತು ಬಾಗಿಲಿಗೆ ಚಿಲಕ ಹಾಕಬಾರದು, ಅಡ್ಡ ನಿಲ್ಲಬಾರದು, ಮೈ ಮುಟ್ಟಬಾರದು, ಎಲ್ಲಿಗೆ ಅಂತ ಒತ್ತಾಯ ಮಾಡಿ ಕೇಳಬಾರದು, ಹೋಗುವಾಗ ಯಾವ ಬಟ್ಟೆ ಹಾಕಿದಾರೆ ಅಂತ ಮಾತ್ರ ಸರಿಯಾಗಿ ನೋಡ್ಕೊಳ್ಳಿ, ಊಟದ ಹೊತ್ತಿಗೆ ವಾಪಸ್ ಬರದಿದ್ದರೆ ಫೋನ್ ಮಾಡಿ ಬಟ್ಟೆ ಹೇಳಿ. ಬಟ್ಟೆ ಯಾಕೆ ಮೇಡಂ? ಹುಡುಕೋದಕ್ಕೆ ಸಹಾಯ ಆಗುತ್ತೆ. ಕಾರಲ್ಲಿ ಕೂರಿಸಿಕೊಂಡ ತಕ್ಷಣ ಬಟ್ಟೆ ಬದಲಾಯಿಸಿಬಿಟ್ರೆ ಮೇಡಂ? ಕೇಳಿದ್ದು ದೊಡ್ಡಮ್ಮನೇ, ಆ ದಿನ ಅವಳಿನ್ನೂ ಈ ಮಕ್ಕಳ ದೊಡ್ಡಮ್ಮ ಆಗಿರಲಿಲ್ಲ, ಮೂರನೇ ಸಾಲಿನಲ್ಲಿ ಕೂತ ಹೊಸಬಳು, ಮೇಡಂ ಬಾಟಲಿ ಎತ್ತಿ ನೀರು ಕುಡಿದಳು, ನಿಧಾನವಾಗಿ ಕುಡಿದಳು, ಆಮೇಲೆ ಮುಂದಿನ ಚಿತ್ರ ಬಿಟ್ಟಳು. ಸುಮಾರು ಸಂಬಳ, ಎರಡು ಬಸ್ಸು ಬದಲಿಸಿ ಬರಬೇಕು, ಆದರೂ ಮಕ್ಕಳ ಕೆಲಸ, ಪುಣ್ಯದ ಕೆಲಸ ಅಂತ ನಾದಿನಿ ಹೇಳಿದ್ದಳು. ಪುಣ್ಯವಂತೆ ಪುಣ್ಯ.

ಅಂದಿನಿಂದ ಅವಳ ತಲೆ ಬಟ್ಟೆ ತುಂಬಿದ ಬೀರುವಾಗಿ ಹೋಗಿದೆ. ಹಸಿರು ಟೋಪಿಯ ಜಾಕೆಟ್ಟು, ಎಡಗೈ ಮೊಣಕೈ ಹತ್ತಿರ ತೇಪೆ, ಅದು ಆ ಕೆಮ್ಮುತ್ತಿದ್ದ ಹುಡುಗನದು. ಪ್ಯಾಂಟಿನ ಮೇಲೆ ಹಳದಿ ಫ್ರಾಕು, ಬಲಗಾಲಿನ ಬೂಟಿಗೆ ಲಾಡಿ ಬದಲು ದಾರ. ಅಣ್ಣತಮ್ಮಂದಿರಿಬ್ಬರು, ಇಬ್ಬರಿಗೂ ಸೇರಿ ಒಂದೇ ಕೆಂಪು ಮಫ್ಲರು, ಅಣ್ಣ ಹೋಗುವಾಗ ಅದನ್ನು ತಮ್ಮನ ಕತ್ತಿಗೆ ಸುತ್ತಿದ್ದ — ಮುಖ? ಮುಖ ನೆನಪಿಲ್ಲ, ಮುಖದ ಜಾಗದಲ್ಲಿ ಏನೂ ಇಲ್ಲ, ಯಾರೂ ಫೋನಿನಲ್ಲಿ ಮುಖ ಕೇಳುವುದಿಲ್ಲ. ಆ ಇಬ್ಬರ ವಿಷಯಕ್ಕೇ ಮೀಟಿಂಗಿನಲ್ಲಿ ಚಪ್ಪಾಳೆ ಹೊಡೆಸಿದರು, ಮಫ್ಲರಿನ ಅಂಚಿನ ಹೊಲಿಗೆ ಬಿಟ್ಟದ್ದನ್ನೂ ಹೇಳಿದಳಂತೆ, ಇಷ್ಟು ಖಚಿತವಾದ ವಿವರ ಯಾವ ಕೇಂದ್ರದಿಂದಲೂ ಬಂದಿರಲಿಲ್ಲವಂತೆ, ಎಲ್ಲರೂ ಅಮ್ಮನನ್ನ ನೋಡಿ ಕಲೀಬೇಕು ಎಂದ ಮ್ಯಾನೇಜರ್, ಕೇಕು ಕತ್ತರಿಸಿದರು, ಅದರ ಮೇಲಿನ ಗುಲಾಬಿ ಬಣ್ಣದ ಹೂವನ್ನು ಅವಳಿಗೇ ಕೊಟ್ಟರು, ಮಕ್ಕಳು ಸಿಕ್ಕರಾ ಸಾರ್ ಎಂದು ಕೇಳಿದಳು, ಪ್ರಯತ್ನ ನಡೀತಿದೆ, ತಿನ್ನಿ ತಿನ್ನಿ, ತಿಂದಳು, ಸಾಬೂನು ಅಗಿದ ಹಾಗಿತ್ತು, ಕಕ್ಕಸಿಗೆ ಹೋಗಿ ಉಗಿದು ಬಾಯಿ ಮುಕ್ಕಳಿಸಿದರೂ ಆ ಜಿಡ್ಡು ಹೋಗಲಿಲ್ಲ. ಮನೆಯಲ್ಲೂ ಅಷ್ಟೇ, ಗಂಡ ಬಸ್ಸಿನ ಡ್ಯೂಟಿಗೆ ಹೊರಟು ನಿಂತರೆ ಅವಳ ಕಣ್ಣು ತಾನೇ ತಾನಾಗಿ ಮೇಲಿಂದ ಕೆಳಗೆ ಇಳಿಯುತ್ತದೆ, ಖಾಕಿ ಅಂಗಿ, ಎರಡನೇ ಗುಂಡಿ ಬೇರೆ ಬಣ್ಣದ್ದು, ಅವನು ನಗುತ್ತಾನೆ, ಏನೇ ಹಂಗೆ ನೋಡ್ತೀಯ, ನನ್ನನ್ನೂ ಕಾಣೆಯಾದವರ ಲೆಕ್ಕಕ್ಕೆ ಸೇರಿಸ್ಬಿಟ್ಯಾ? ಅವನಿಗೆ ತಮಾಷೆ.

ಆ ಕಾರು ಕಾಯುತ್ತಿರುವ ಉಪ್ಪಕ್ಕ ಮೂರನೇ ಮಹಡಿಯಿಂದ ಇನ್ನೂ ಇಳಿದು ಬಂದಿಲ್ಲ. ಬರಬಾರದು, ಮಲಗಿರಲಿ, ಜ್ವರ ಬಂದಿರಲಿ, ಕಾಲು ಉಳುಕಿರಲಿ, ಏನಾದರೂ ಆಗಿರಲಿ, ದೇವರೇ, ಬರಬಾರದು. ಸಣ್ಣ ಮಕ್ಕಳು ಇಟ್ಟ ಹೆಸರು ಅದು, ಎಲ್ಲದಕ್ಕೂ ಉಪ್ಪು ಉದುರಿಸಿಕೊಂಡು ತಿನ್ನುತ್ತಾಳೆ, ಹಣ್ಣಿಗೂ ಉಪ್ಪು, ಬಿಸ್ಕತ್ತಿಗೂ ಉಪ್ಪು, ಚಹಾಕ್ಕೆ ಮಾತ್ರ ಬಿಟ್ಟಿದಾಳೆ ಪುಣ್ಯಾತ್ಗಿತ್ತಿ ಎಂದು ಅಡುಗೆಯವನು ಗೊಣಗುತ್ತಾನೆ. ಉಗುರಿಗೆ ಬಣ್ಣ ಹಚ್ಚುವ ಅಂಗಡಿಯಲ್ಲಿ ಸಿಕ್ಕವಳು, ಬೆಳಗಿನಿಂದ ಕತ್ತಲಾಗುವವರೆಗೆ ಕಂಡವರ ಪಾದ ತೊಡೆಯ ಮೇಲಿಟ್ಟುಕೊಂಡು ಉಜ್ಜುವುದು, ಬಣ್ಣ ಅಳಿಸುವ ಔಷಧಿಗೆ ಅವಳ ಬೆರಳ ತುದಿಯ ಚರ್ಮವೇ ಸುಲಿದು ಹೋಗಿದೆ, ಅದಕ್ಕೇ ನಾಲಿಗೆಗೂ ರುಚಿ ಸತ್ತಿದೆಯೋ ಏನೋ, ಭಾಷೆಯನ್ನೂ ಅಲ್ಲೇ ಕಲಿತಳಂತೆ, ಗಿರಾಕಿಗಳ ಕಾಲಬುಡದಲ್ಲಿ ಕೂತು. ಅಂಗಡಿ ಮುಚ್ಚಿದ ಮೇಲೆ ಮಹಡಿಯ ಕೋಣೆಗಳಲ್ಲಿ ನಡೆಯುತ್ತಿದ್ದದ್ದನ್ನು ಅವಳು ಹೇಳಲಿಲ್ಲ, ಪರೀಕ್ಷೆ ಮಾಡಿದ ಡಾಕ್ಟರಮ್ಮ ಹೇಳಿದ್ದು, ಹೇಳಿ ಕೈಗವಸು ಕಿತ್ತು ಬುಟ್ಟಿಗೆ ಎಸೆದು ಬಹಳ ಹೊತ್ತು ಕೈ ತೊಳೆದುಕೊಂಡಳು. ಆದರೆ ತಂಗಿಯ ವಿಷಯ ಉಪ್ಪಕ್ಕನೇ ಹೇಳಿದ್ದಳು, ಮೊನ್ನೆ, ಇದೇ ಮೇಜಿನ ಹತ್ತಿರ ನಿಂತು, ಮಾಮನ ಫೋನಲ್ಲಿ ತಂಗಿ ಇದಾಳೆ ದೊಡ್ಡಮ್ಮಾ. ಫೋನಲ್ಲಿ ಅಂದ್ರೆ? ವಿಡಿಯೋದಲ್ಲಿ. ಪಾತ್ರೆ ತೊಳೀತಿದಾಳೆ. ಚೆನ್ನಾಗಿದಾಳೆ. ನಾನು ಹೋಗದಿದ್ರೆ ಚೆನ್ನಾಗಿರಲ್ಲ. ಅಷ್ಟೇ, ಅಳಲೂ ಇಲ್ಲ, ಹೋಗಿ ಊಟದ ಸಾಲಿನಲ್ಲಿ ನಿಂತಳು. ಇದನ್ನು ಹೇಳಬೇಕಾದವರಿಗೆಲ್ಲ ಹೇಳಿದ್ದಾಳೆ ದೊಡ್ಡಮ್ಮ, ತಂಗಿ ಯಾವ ಊರಲ್ಲಿದಾಳೆ ಎಂದರು, ಗೊತ್ತಿಲ್ಲ, ಯಾವ ದೇಶ, ಗೊತ್ತಿಲ್ಲ, ಹಾಗಾದರೆ ನಾವೇನು ಮಾಡಕ್ಕಾಗುತ್ತೆ ಎಂದರು, ಬೆಣ್ಣೆ ಸವರಿದ ದನಿಯಲ್ಲಿ ಎಂದರು, ಈ ಜನ ಬೈದಾದರೂ ಬೈಯುತ್ತಾರಾ, ಅದೂ ಇಲ್ಲ.

ಇವತ್ತು ಬೆಳಿಗ್ಗೆಯದು ಎಲ್ಲಕ್ಕಿಂತ ಹೊಲಸು. ಕಾಗದ ಇಲ್ಲದ ಮಕ್ಕಳ ವಯಸ್ಸು ಹೇಳುವ ಆಫೀಸರ್ ಬಂದಿದ್ದ, ತೆಳ್ಳನೆಯ ಮನುಷ್ಯ, ಅಂದವಾದ ಕೋಟು, ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತ, ಉಪ್ಪಕ್ಕನನ್ನು ಕೂರಿಸಿಕೊಂಡು ಅರ್ಧ ಬೆಳಗು ಮಾತಾಡಿಸಿದ, ಹದಿನೈದು ಅಂತಾಳೆ, ಕಾಗದ ಇಲ್ಲ, ಎದ್ದು ಬಂದವನೇ ಮ್ಯಾನೇಜರಿಗೆ ಹೇಳಿದ, ಹತ್ತೊಂಬತ್ತು, ಕಮ್ಮಿ ಅಂದ್ರೂ ಹತ್ತೊಂಬತ್ತು. ದೊಡ್ಡಮ್ಮ ಇಲ್ಲೇ ಕೂತಿದ್ದಳು, ಅವಳು ಮೇಜಿನ ಹಾಗೆ ಅವರಿಗೆ, ಅವಳ ಮುಂದೆ ಏನು ಬೇಕಾದರೂ ಮಾತಾಡಬಹುದು. ಹೇಗೆ ಹೇಳ್ತೀರಿ ಸಾರ್ ಎಂದು ಮ್ಯಾನೇಜರ್ ಸುಮ್ಮನೆ ಮಾತಿಗೆ ಕೇಳಿದ್ದು. ನಡವಳಿಕೆ ನೋಡಿ, ನಾನು ಒಳಗೆ ಹೋದಾಗ ಎದ್ದು ನಿಂತಳು, ನನಗೆ ನೀರು ತಂದುಕೊಟ್ಟಳು, ಒಂದು ಸಲನೂ ಅಳಲಿಲ್ಲ, ಅಷ್ಟೆಲ್ಲಾ ಆಗಿದೆ ಅಂತಾಳೆ, ಆ ಕಣ್ಣಲ್ಲಿ ಮಗುತನವೇ ಇಲ್ಲ, ಸಂಪೂರ್ಣ ಪ್ರೌಢ ಹೆಂಗಸು. ಮಗುತನವೇ ಇಲ್ಲವಂತೆ! ಹಿಂಡಿ ತೆಗೆದ ಮೇಲೆ ರಸ ಎಲ್ಲಿ ಎಂದು ಸಿಪ್ಪೆಯನ್ನು ಕೇಳುವವರು, ನೀರು ಕೊಟ್ಟದ್ದೇ ತಪ್ಪಾಯಿತು, ಎದ್ದು ನಿಂತದ್ದೇ ತಪ್ಪಾಯಿತು, ಅಯ್ಯೋ ಹುಡುಗಿ, ನೆಲದ ಮೇಲೆ ಬಿದ್ದು ಹೊರಳಾಡಬಾರದಿತ್ತೇನೇ, ಅವನ ಕೋಟಿಗೆ ಸಿಂಬಳ ಒರೆಸಬಾರದಿತ್ತೇನೇ. ಆಫೀಸರ್ ಆ ನೀರಿನ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದ, ಉಳಿದದ್ದನ್ನು ಬಾಗಿಲ ಪಕ್ಕದ ಪ್ಲಾಸ್ಟಿಕ್ ಗಿಡದ ಬುಡಕ್ಕೆ ಸುರಿದು, ಲೋಟವನ್ನು ದೊಡ್ಡಮ್ಮನ ಮೇಜಿನ ಮೇಲಿಟ್ಟು ಹೋದ. ಆಮೇಲೆ ಮ್ಯಾನೇಜರ್ ಬಗ್ಗಿ, ಗುಟ್ಟಿನ ಹಾಗೆ, ಒಂದು ಭಾರ ಇಳಿಯಿತು ನೋಡಿ ಅಮ್ಮಾ, ಆ ಮೂರನೇ ಮಹಡಿಯವಳು ಇನ್ನು ದೊಡ್ಡವಳು, ನಾಳೆ ದೊಡ್ಡವರ ಕೇಂದ್ರಕ್ಕೆ ವ್ಯಾನು ಬರುತ್ತೆ, ಅಷ್ಟರೊಳಗೆ ತಾನೇ ಹೋದರೂ ನಮಗೆ ಸಂಬಂಧ ಇಲ್ಲ, ನೀವು ಫೋನ್ ಮಾಡೋದೂ ಬೇಡ, ಬಟ್ಟೆ ನೋಡೋದೂ ಬೇಡ.

ಬಟ್ಟೆ ನೋಡುವುದೂ ಬೇಡ. ಕಾಣೆಯಾದರೆ ಕಾಣೆಯಾದಳು ಎನ್ನಲೂ ಯಾರೂ ಇಲ್ಲ. ಮತ್ತೆ ಮಾಮ ಇಷ್ಟು ಬೇಗ ಬಂದಿದ್ದಾನೆ, ಯಾರು ಹೇಳಿದರು ಅವನಿಗೆ, ಗೇಟಿನ ದಪ್ಪಣ್ಣನೇ ಇರಬೇಕು, ನಿನ್ನೆ ತಾನೆ ಇಬ್ಬರೂ ಕಾರಿಗೊರಗಿ ಸಿಗರೇಟು ಸೇದುತ್ತಿದ್ದರು, ಯಾಕೋ ದಪ್ಪಣ್ಣಾ, ಅವನ ಹತ್ರ ಬೆಂಕಿ ಇಸ್ಕೊಳ್ತೀಯ, ನಾಚಿಕೆ ಆಗಲ್ವಾ? ಅಯ್ಯೋ ಬಿಡಿ ದೊಡ್ಡಮ್ಮ, ಮಾತಾಡಿಸಿದ್ರೆ ಒಳ್ಳೆ ಮನುಷ್ಯ, ಅವನಿಗೂ ಎರಡು ಹೆಣ್ಮಕ್ಕಳಂತೆ. ಎರಡು ಹೆಣ್ಣುಮಕ್ಕಳು! ಅವಕ್ಕೆ ಇವನು ರಾತ್ರಿ ಹೊದಿಕೆ ಹೊದಿಸುತ್ತಾನೇನೋ, ಇದೇ ಕೈಯಲ್ಲಿ, ಥೂ. ಊಟದ ಹೊತ್ತಿನಲ್ಲಿ ಪೊಲೀಸರಿಗೆ ಫೋನ್ ಮಾಡಿದ್ದಳು, ಮ್ಯಾನೇಜರಿಗೆ ಕೇಳಿಸದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು, ಮರದ ಕೆಳಗೆ ಕಾರು ನಿಲ್ಲಿಸೋದು ಅಪರಾಧ ಅಲ್ಲಮ್ಮ, ಅಲ್ಲಿ ನಿಲ್ಲಿಸಬಾರದು ಅಂತ ಬೋರ್ಡಿದೆಯಾ? ಇಲ್ಲ. ಮತ್ತೆ? ಹುಡುಗಿಯನ್ನ ಕರ್ಕೊಂಡು ಹೋಗೋಕೆ ಬಂದಿದಾನೆ ಸಾರ್. ಕರ್ಕೊಂಡು ಹೋದನಾ? ಇನ್ನೂ ಇಲ್ಲ. ಹೋದ ಮೇಲೆ ಫೋನ್ ಮಾಡಿ, ಹಾಂ, ಯಾವ ಬಟ್ಟೆ ಹಾಕಿದಾಳೆ ನೋಡ್ಕೊಂಡಿರಿ. ನಗಬೇಕೋ ಚಪ್ಪಲಿ ತೆಗೆದುಕೊಳ್ಳಬೇಕೋ. ಗಂಡನಿಗೂ ಮಾಡಿದಳು, ಅವನು ಬಸ್ಸಿನ ಸದ್ದಿನ ಮಧ್ಯೆ ಕೂಗಿದ, ನಿನಗ್ಯಾಕೆ ಊರ ಉಸಾಬರಿ, ನೋಡು ಅಂತ ಸಂಬಳ ಕೊಡ್ತಾರೆ, ಹಿಡಿ ಅಂತಲ್ಲ, ಹಿಡಿದ್ರೆ ಕೆಲಸ ಹೋಗುತ್ತೆ, ಕೇಸೂ ಬೀಳುತ್ತೆ, ಸುಮ್ನೆ ಕೂತ್ಕೊ. ಕೆಟ್ಟವನಲ್ಲ ಅವನು, ಭಯಸ್ಥ. ಕೆಟ್ಟವರೇ ಇಲ್ಲ ಈ ಕಥೆಯಲ್ಲಿ, ಹಲ್ಲು ಕೆದಕುವವನೊಬ್ಬನನ್ನು ಬಿಟ್ಟರೆ, ಮಿಕ್ಕವರೆಲ್ಲ ಒಳ್ಳೆಯವರೇ, ಒಳ್ಳೆಯವರ ಕೈಗಳೆಲ್ಲ ತೊಳೆದು ತೊಳೆದು ಬೆಳ್ಳಗಾಗಿವೆ, ಅವಳವೂ.

ಕಾರಿನ ಬಾಗಿಲು ತೆರೆಯಿತು, ಹಿಂದಿನ ಬಾಗಿಲು, ಅವನು ಕೂತಲ್ಲಿಂದಲೇ ಕೈ ಚಾಚಿ ತೆರೆದಿಟ್ಟ, ಹಾಗಾದರೆ ಗಾಜಿನಾಚೆಯಿಂದ ಅವನಿಗೆ ಕಂಡಿದ್ದಾಳೆ, ಮೆಟ್ಟಿಲಲ್ಲಿದ್ದಾಳೆ, ಹೌದು, ರಬ್ಬರು ಚಪ್ಪಲಿಯ ಸದ್ದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿಯುವ ಅಭ್ಯಾಸ ಅವಳದು, ಸಣ್ಣ ಮಕ್ಕಳ ಹಾಗೆ, ಇದನ್ನು ನೋಡಬೇಕಿತ್ತು ಆ ಕೋಟಿನವನು. ದೊಡ್ಡಮ್ಮನ ಕಣ್ಣು ಆಗಲೇ ಚಪ್ಪಲಿಗೆ ಹೋಗಿದೆ, ನೀಲಿ, ಅಲ್ಲಿಂದ ಮೇಲೆ — ಬೇಡ, ನೋಡಬಾರದು, ಹಾಳು ಕಣ್ಣೇ, ಬಟ್ಟೆ ನೋಡಬೇಡ, ಮುಖ ನೋಡು, ಮುಖ ನೋಡೇ ಮುದುಕಿ, ನೋಡಿದಳು, ಹುಬ್ಬಿನ ಮೇಲೆ ಸೀತಾಳೆ ಸಿಡುಬಿನ ಒಂದು ಗುಳಿ, ಒಣಗಿ ಬಿರಿದ ಕೆಳತುಟಿ, ಒಂದರ ಮೇಲೊಂದು ಹತ್ತಿದ ಮುಂದಿನ ಹಲ್ಲು, ಹಣೆಯಂಚಿಗೆ ಇನ್ನೂ ಉದ್ದವಾಗದ ಎಳೆಕೂದಲು, ಇಷ್ಟು ದಿನ ಇದೆಲ್ಲ ಎಲ್ಲಿತ್ತು. ಹೋಗ್ಬರ್ತೀನಿ ದೊಡ್ಡಮ್ಮಾ. ಎಲ್ಲಿಗೆ? ಇಲ್ಲೇ. ಇಲ್ಲೇ ಅಂದ್ರೆ ಎಲ್ಲಿಗೆ ಕಂದಾ? ತಂಗಿ ಹತ್ರ. ಅಲ್ಲಿ ತಂಗಿ ಇಲ್ಲ ಕಣೇ, ಅವನು ಸುಳ್ಳು ಹೇಳ್ತಾನೆ, ಅವಳನ್ನ ತೋರಿಸೋದೂ ಇಲ್ಲ. ಗೊತ್ತು, ಎಂದಳು ಉಪ್ಪಕ್ಕ. ಗೊತ್ತು ದೊಡ್ಡಮ್ಮಾ. ಎಂದು ಬಾಗಿಲ ಕಡೆ ತಿರುಗಿದಳು, ಹೆಗಲಿಗೆ ಒಂದು ಕೈಚೀಲ, ಇಲಾಖೆಯವರು ಕೊಟ್ಟದ್ದು, ಆಚೆ ಕಾರು ಗುರ್ರೆಂದಿತು.

ಕುರ್ಚಿ ಬಿದ್ದ ಸದ್ದು ಕೇಳಿದ ಮೇಲೆಯೇ ಗೊತ್ತಾದದ್ದು ತಾನು ಎದ್ದಿದ್ದೇನೆ ಎಂದು, ಮೇಜಿನ ಮೂಲೆ ಸೊಂಟಕ್ಕೆ ಬಡಿಯಿತು, ಬಡಿಯಲಿ, ಮಂಡಿನೋವು ಎಲ್ಲಿ ಹೋಯಿತೋ, ಬಾಗಿಲು ತಳ್ಳುವಷ್ಟರಲ್ಲಿ ಹುಡುಗಿಯ ಮಣಿಕಟ್ಟು ಅವಳ ಬಲಗೈಯಲ್ಲಿತ್ತು, ಎಡಗೈ ಮೇಲಿನ ಚಿಲಕವನ್ನು ಎಳೆದು ಹಾಕಿತ್ತು, ಹಗಲಲ್ಲಿ ಎಂದೂ ಹಾಕದ ಚಿಲಕ, ಕಿರ್ರೆಂದು ಕೂಗಿ ಕೂತಿತು, ಹಿಡಿದೆ, ಹಿಡಿದೇಬಿಟ್ಟೆ, ಅಯ್ಯೋ ದೊಡ್ಡಮ್ಮಾ ಮುಟ್ಟಬೇಡಿ, ಮೇಲೆ ಕ್ಯಾಮೆರಾ ಇದೆ, ದಪ್ಪಣ್ಣ ಗಾಜಿನಾಚೆಯಿಂದ ಬಡಿಯುತ್ತಿದ್ದಾನೆ, ನೋಡಲಿ ಕಣೋ ಕ್ಯಾಮೆರಾ, ಅದಕ್ಕಾದರೂ ಕಣ್ಣಿದ್ದರೆ ನೋಡಲಿ, ಕೆಲಸ ಹೋಗಲಿ, ಕೇಸು ಬೀಳಲಿ, ಬಿಡಲ್ಲ, ಕಚ್ಚು ಹುಡುಗೀ, ಪರಚು, ಕೂಗಾಡು, ನಾನು ತಯಾರಿದೀನಿ, ಹದಿನೈದರ ಹುಡುಗಿ ಹೇಗೆ ಕೊಸರಾಡುತ್ತಾಳೆ ಗೊತ್ತು, ನಾಲ್ಕು ಜನ ಬೇಕು ಹಿಡಿಯಲು, ಕಾಲು ಊರಿ ನಿಂತಳು ದೊಡ್ಡಮ್ಮ, ಮೈಯೆಲ್ಲ ಗಟ್ಟಿ ಮಾಡಿ ನಿಂತಳು, ಕಾದಳು. ಏನೂ ಆಗಲಿಲ್ಲ. ಹುಡುಗಿ ಎಳೆಯಲಿಲ್ಲ. ಯಾಕೆ ಎಂದು ಕೇಳಲಿಲ್ಲ, ತಲೆ ಎತ್ತಲೂ ಇಲ್ಲ, ಕೈಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟಳು, ಮುಖದಲ್ಲಿ ಈಗ ತಾನೆ ಇದ್ದದ್ದೆಲ್ಲ ಎಲ್ಲೋ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು, ಮತ್ತೆ ಆ ಕೈ, ಹಿಡಿದ ಕ್ಷಣವೇ ಆ ಕೈ ಸತ್ತುಹೋಯಿತು, ಮೊಣಕೈಯಿಂದ ಬೆರಳ ತುದಿವರೆಗೆ ಒಂದು ನರವೂ ಬಿಗಿಯಾಗಲಿಲ್ಲ, ಯಾರೋ ಕಲಿಸಿದ್ದಾರೆ ಇದನ್ನು, ಮತ್ತೆ ಮತ್ತೆ ಹಿಡಿದು ಕಲಿಸಿದ್ದಾರೆ, ಹಿಡಿದಾಗ ಹೀಗೆ ಬಿಟ್ಟುಬಿಡಬೇಕು ಎಂದು, ನೆಲ ನೋಡುತ್ತಾ ಹುಡುಗಿ ಕೇಳಿದಳು, ಆಫೀಸರಿಗೆ ನೀರು ಬೇಕಾ ಎಂದು ಕೇಳಿರಬಹುದಾದ ಅದೇ ದನಿಯಲ್ಲಿ, ಯಾವ ರೂಮಿಗೆ ದೊಡ್ಡಮ್ಮಾ?

ಅಲ್ಲ ಕಂದಾ, ಹಾಗಲ್ಲ, ನಾನು ಹಾಗಲ್ಲ, ಎನ್ನಬೇಕು, ಹೇಸಿಗೆ, ಈ ಸಲ ಮಾಮನ ಮೇಲಲ್ಲ, ತನ್ನ ಕೈಯ ಮೇಲೆ, ಐದು ಬೆರಳು, ಇದೇ ರೀತಿ ಸುತ್ತಿಕೊಂಡ ಎಷ್ಟೋ ಕೈಗಳ ಸಾಲಿನಲ್ಲಿ ಇದೂ ಒಂದು, ಬಿಡು, ಬಿಟ್ಟುಬಿಡು ಅವಳನ್ನು, ಬಿಟ್ಟರೆ ಚಿಲಕಕ್ಕೆ ಅವಳಿಗೆ ಒಂದೇ ಹೆಜ್ಜೆ, ಚಿಲಕದಾಚೆ ತೆರೆದಿಟ್ಟ ಬಾಗಿಲು, ಬಿಡಬೇಡ, ಸಡಿಲ ಹಿಡಿಯಲೇ, ಎಷ್ಟು ಸಡಿಲ ಹಿಡಿದರೆ ಅದು ಹಿಡಿದ ಹಾಗಾಗುವುದಿಲ್ಲ, ಎಳಿ ಮಗಾ, ಒಂದು ಸಲ ಎಳಿ, ಸಿಟ್ಟಿಗಾದರೂ ಒಂದು ಸಲ ಕೊಸರು, ಇಲ್ಲ, ಅಂಗೈಯಲ್ಲಿ ಕೊಟ್ಟುಬಿಟ್ಟ ಕೈ, ಮೇಲಿನಿಂದ ಮ್ಯಾನೇಜರ್ ಓಡಿ ಬರುವ ಬೂಟಿನ ಸದ್ದು, ಕೊಟ್ಟುಬಿಟ್ಟ ಕೈ, ಆಚೆ ಹಾರ್ನು, ಒಂದು ಸಲ, ಇನ್ನೊಂದು ಸಲ, ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿದೆ, ಸುಲಿದ ಬೆರಳ ತುದಿಗಳು ಕೆಳಗೆ ನೇತಾಡುತ್ತಿವೆ, ಎಳೆಯದ, ತಿರುಚದ, ಕೊಟ್ಟುಬಿಟ್ಟ ಕೈ, ಕೊಟ್ಟುಬಿಟ್ಟ ಕೈ —